ಉಪವಾಸ ಹಿಡಿದ ಮೀನು

ನಿಪ್ಪಾಣಿಯ ಸಾಕುಪ್ರಾಣಿಗಳ ಅಂಗಡಿಯಲ್ಲಿ ನಾನು ಕೇಳಿದ್ದು ಒಂದೇ ಪ್ರಶ್ನೆ. "ಇದು ಏನ್ ತಿಂತೈತ್ರಿ?"

ಅಂಗಡಿಯಾತ ತಲೆಯೆತ್ತಿ ನನ್ನ ಮುಖ ನೋಡಿದ. ನಡುವಯಸ್ಸಿನ ಮನುಷ್ಯ, ಕೊರಳಿಗೆ ದಾರ ಕಟ್ಟಿದ ಕನ್ನಡಕ, ಮೈಗೆಲ್ಲ ಗಿಳಿಗಳ ಕಾಳಿನ ವಾಸನೆ. ನಮ್ಮ ಕಡೆ ಪ್ರಾಣಿಯ ರೇಟು ಕೇಳುವ ಮೊದಲು ಅದರ ಊಟ ವಿಚಾರಿಸುವವರು ಯಾರು ಅನ್ನುವುದು ವ್ಯಾಪಾರದವರಿಗೆ ಗೊತ್ತಿರುತ್ತದೆ. "ಜೈನರೇನ್ರಿ ವೈನಿ?" ಅಂದ. ಹೌದು ಅಂದೆ. "ಹಂಗಾರ ಚಿಂತೀನ ಬ್ಯಾಡ. ಇದು ಪೂರಾ ಶಾಕಾಹಾರಿ ಐತಿ."

ಮೀನು ಒಂದು ಗಾಜಿನ ಬರಣಿಯಲ್ಲಿತ್ತು. ಬೆಟ್ಟಾ ಅಂತ ಅದರ ಹೆಸರು, ಅಂಗಡಿಗಳಲ್ಲಿ ಫೈಟರ್ ಅನ್ನುತ್ತಾರೆ. ಹೆಬ್ಬೆರಳಿನಷ್ಟು ಮೈ, ಅದರ ಸುತ್ತ ನೆರಿಗೆ ನೆರಿಗೆಯಾಗಿ ಹರಡಿದ ನೀಲಿ ರೆಕ್ಕೆ. ಬರಣಿಯ ಬಾಯಿಗೆ ಮನಿಪ್ಲಾಂಟಿನ ಕುಡಿಯೊಂದನ್ನು ಸಿಕ್ಕಿಸಿದ್ದರು. ಅದರ ಬಿಳಿ ಬೇರು ನೀರಿನೊಳಗೆ ಇಳಿಬಿದ್ದಿತ್ತು. "ಈ ಬೇರು ತಿಂದಕೋತ ಇರತೈತ್ರಿ. ಕಾಳು ಹಾಕೋದು ಬ್ಯಾಡ. ನೀರು ಬದಲಿ ಮಾಡೋದು ಬ್ಯಾಡ, ಗಿಡಾನ ಸ್ವಚ್ಛ ಮಾಡತೈತಿ. ಗಾಳಿ ಮಷೀನ್ ಬ್ಯಾಡ, ದೊಡ್ಡ ಟಾಕಿ ಬ್ಯಾಡ. ಟೆನ್ಶನ್ ಘೇವೂ ನಕಾ" ಎಂದು, ಚಿಂತೆ ಮಾಡಬೇಡಿ ಅನ್ನುವುದನ್ನು ಮರಾಠಿಯಲ್ಲಿ ಹೇಳಿ ಮುಗಿಸಿದ.

ಇಷ್ಟೊಂದು ಬ್ಯಾಡಗಳಿರುವ ಜೀವ ನಮ್ಮ ಮನೆಯಲ್ಲಿ ಆಗಲೇ ಒಂದಿತ್ತು. ನನ್ನ ಅತ್ತೆ. ಉಳ್ಳಾಗಡ್ಡಿ ಬ್ಯಾಡ, ಆಲೂಗಡ್ಡಿ ಬ್ಯಾಡ, ಸೋಸದ ನೀರು ಬ್ಯಾಡ, ಹೊತ್ತು ಮುಳುಗಿದ ಮೇಲೆ ಒಂದು ಗುಟುಕು ಹಾಲೂ ಬ್ಯಾಡ. ಇಬ್ಬರಿಗೂ ಸರಿಹೋದೀತು ಅಂತ ನಗುತ್ತಲೇ ಬರಣಿ ಎತ್ತಿಕೊಂಡೆ. ಸ್ಕೂಟಿಯ ಮುಂದೆ ಕಾಲ ಬುಡದಲ್ಲಿ ಅದನ್ನಿಟ್ಟುಕೊಂಡು, ಎರಡೂ ಹಿಮ್ಮಡಿಯಿಂದ ಅವುಚಿ ಹಿಡಿದು, ನಮ್ಮೂರು ಬೇಡಕಿಹಾಳದವರೆಗೆ ಗುಂಡಿ ಬಂದಲ್ಲೆಲ್ಲ ಉಸಿರು ಬಿಗಿಹಿಡಿದು ಬಂದೆ.

ಮೀನು ತಂದದ್ದು ಅತ್ತೆಗೆ, ಆದರೆ ತೊಂದರೆ ಇದ್ದದ್ದು ನನಗೆ. ನನಗೆ ಸುಮ್ಮನೆ ಕೂಡಲು ಬರುವುದಿಲ್ಲ. ನಿಪ್ಪಾಣಿಯಲ್ಲಿ ಹೊಲಿಗೆ ಕ್ಲಾಸು ನಡೆಸುತ್ತೇನೆ. ಅಲ್ಲಿ ಕೈ ಓಡುತ್ತಿರುತ್ತದೆ, ಮನೆಗೆ ಬಂದರೆ ಕಾಲು ಓಡುತ್ತಿರುತ್ತದೆ. ಬೇರೆಯವರು ಸುಮ್ಮನೆ ಕೂತದ್ದನ್ನು ನೋಡಿದರೂ ಮೈ ಪರಚಿಕೊಳ್ಳುವ ಹಾಗಾಗುತ್ತದೆ. ಅತ್ತೆ ಹಾಗೆ ಕೂಡುವವರೇ ಅಲ್ಲ. ಹೊಲಕ್ಕೆ ಹೋಗಿ ಬಂದು, ದನದ ಕೊಟ್ಟಿಗೆ ನೋಡಿ, ಬಸದಿಗೆ ಎರಡು ಹೊತ್ತು ನಡೆದು ಹೋಗುತ್ತಿದ್ದವರು. ಮೊಣಕಾಲು ಕೈಕೊಟ್ಟ ಮೇಲೆ ಪಡಸಾಲೆಯ ಕಿಟಕಿಯ ಹತ್ತಿರ ಕೂತವರು ಏಳುವುದೇ ಅಪರೂಪವಾಯಿತು. ಕಿಟಕಿಯಾಚೆ ಇದ್ದದ್ದು ಪಕ್ಕದ ಮನೆಯ ಗೋಡೆ. ಅದನ್ನೇ ನೋಡುತ್ತಿದ್ದರು. ಟಿವಿ ಹಚ್ಚಿದರೆ ಕಣ್ಣು ಮುಚ್ಚುತ್ತಿದ್ದರು. ಏನಾದರೂ ಚಲಿಸುವಂಥದ್ದು ಅವರ ಕಣ್ಣೆದುರಿಗೆ ಬೇಕು ಅಂತ ನನ್ನ ತಲೆಗೆ ಹೊಕ್ಕಿತು, ಹೊಕ್ಕಿದ ಮೇಲೆ ನನಗೆ ತಡೆದುಕೊಳ್ಳಲು ಆಗುವುದಿಲ್ಲ.

ಬರಣಿ ನೋಡಿದ ಅತ್ತೆ ಮೊದಲು ಮುಖ ಸಿಂಡರಿಸಿದರು. "ಜೀವಾ ಹಿಡದು ಇಡೋದು ಬಂಧನದ ಪಾಪ ಬೇ. ಯಾಕ ತಂದಿ?"

"ಅಂಗಡ್ಯಾಗ ಇದ್ರೂ ಅದಕ್ಕ ಬಂಧನನ ಅವ್ವಾ" ಎಂದು ನನ್ನ ಗಂಡ ನಡುವೆ ಬಾಯಿ ಹಾಕಿದರು. "ಇಲ್ಲಿ ಇದ್ರ ನಿನ್ನ ಬಾಯಿಂದ ನಾಕ್ ಸಲ ಣಮೋಕಾರ ಮಂತ್ರ ಕೇಳತೈತಿ." ತಮ್ಮ ಮಂತ್ರ ಒಂದು ಜೀವದ ಕಿವಿಗೆ ಬೀಳುತ್ತದೆ ಅನ್ನುವ ಮಾತಿಗೆ ಅತ್ತೆ ಕರಗಿದರು. ಏನು ತಿನ್ನುತ್ತದೆ ಅಂತ ಅವರೂ ಕೇಳಿದರು. ಬೇರು ಅಂದೆ. "ಅಯ್ಯ, ಕಂದಮೂಲ ತಿಂತೈತೇನು? ಹಂಗಾರ ನಮಗಿಂತ ಒಂದ ಮೆಟ್ಟಲಾ ಕೆಳಗ ಐತಿ!" ಎಂದು ಗಡ್ಡೆ ಬೇರು ಮುಟ್ಟದ ಅತ್ತೆ ಬಾಯ್ತುಂಬ ನಕ್ಕರು. ಆ ನಗೆ ಕೇಳಿ ಬಹಳ ತಿಂಗಳಾಗಿತ್ತು. ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ಮುಂದಿನ ದಿನಗಳಲ್ಲಿ ಬೆಳಿಗ್ಗೆ ನಾನು ಹೊರಡುವ ಹೊತ್ತಿಗೆ ಅತ್ತೆ ಮೀನಿನ ಜೊತೆ ಮಾತಿಗೆ ಕೂತಿರುತ್ತಿದ್ದರು. ಗಾಜಿಗೆ ಬೆರಳಿಟ್ಟರೆ ಅದು ರೆಕ್ಕೆ ಬಿಚ್ಚಿ ಬರುತ್ತಿತ್ತು. "ಬಂದೇನು? ಬಾ ಬಾ" ಎಂದು ಜಪಮಣಿಯ ನಡುವೆ ಅದಕ್ಕೂ ಒಂದು ಮಾತು. ಅದು ಬೇರನ್ನು ಕುಟುಕುವುದನ್ನು ನಾವೆಲ್ಲ ನೋಡಿ ಉಣ್ಣುತ್ತಿದೆ ಅಂದುಕೊಂಡೆವು. ಬರೀ ಬೇರು ಎಷ್ಟು ದಿನ ತಿಂದೀತು ಅಂತ ಅತ್ತೆ ಒಂದು ದಿನ ಅನ್ನದ ಅಗುಳು ಹಾಕಿದರು. ಬಾಯಿಗೆ ತೆಗೆದುಕೊಂಡಿತು, ಉಗುಳಿತು. ಚಪಾತಿಯ ಚೂರು ಹಾಕಿದರು. ಅದನ್ನೂ ಉಗುಳಿತು. ಹೊಟ್ಟೆ ತುಂಬಿರಬೇಕು ಬಿಡ್ರಿ ಅಂದೆ.

ಅಷ್ಟರಲ್ಲಿ ದಶಲಕ್ಷಣ ಪರ್ವ ಬಂತು. ಭಾದ್ರಪದದ ಆ ಹತ್ತು ದಿನ ನಮ್ಮ ಮನೆಗಳಲ್ಲಿ ಯಾರು ಒಪ್ಪತ್ತು, ಯಾರು ಪೂರ್ಣ ಉಪವಾಸ ಅನ್ನುವುದೇ ಮಾತು. ಮೊದಲ ದಿನ ಸಂಜೆ ನಾನು ಹೆಲ್ಮೆಟ್ಟು ತೆಗೆಯುತ್ತ ಒಳಗೆ ಬಂದರೆ ಅತ್ತೆಯ ಮುಖ ಅರಳಿತ್ತು. "ನೋಡ ಬೇ, ಮುಂಜಾನಿಂದ ಏನ್ ಹಾಕಿದ್ರೂ ಒಲ್ಲೆ ಅಂತೈತಿ. ಬೇರಿಗೂ ಬಾಯಿ ಹಚ್ಚವಲ್ದು. ಪರ್ವ ಹಿಡದೈತಿ ಇದು. ಉಪವಾಸ ಹಿಡದೈತಿ!"

ನಾನು ಜೋರಾಗಿ ನಕ್ಕೆ. ಗಂಡನೂ ನಕ್ಕರು. ಅತ್ತೆ ನಗಲಿಲ್ಲ.

ಎದುರು ಮನೆಯಲ್ಲೊಬ್ಬ ಮುದುಕಿ ಇದ್ದಾರೆ, ಓಣಿಗೆಲ್ಲ ಅವರು ಆಯಿ. ಬಸದಿಯಿಂದ ಬರುತ್ತ ಅವರು ನಮ್ಮ ಮನೆಗೆ ಹೊಕ್ಕು, ತಾವೇ ಒಂದು ಚೂರು ಗೋಧಿಹಿಟ್ಟು ನೀರಿಗೆ ಹಾಕಿ ಪರೀಕ್ಷೆ ಮಾಡಿದರು. ಮೀನು ಬಾಯಿ ಹಾಕಿ ಉಗುಳಿತು. "ಅಗಾ! ಖರೇನ ಐತಿ!" ಅಂದರು. ಆಯಿಗೆ ಗೊತ್ತಾಯಿತು ಅಂದರೆ ಊರಿಗೆ ಗೊತ್ತಾದ ಹಾಗೆ. ಮರುದಿನ ಬಸದಿ ಬಿಟ್ಟ ಹೆಂಗಸರೆಲ್ಲ ನಮ್ಮ ಪಡಸಾಲೆಯಲ್ಲಿ. ನನ್ನ ಗಂಡ ಫೋನಿನಲ್ಲಿ ವಿಡಿಯೋ ಮಾಡಿ ಬೀಗರ ಗುಂಪಿಗೆಲ್ಲ ಹಾಕಿದರು. ಸದಲಗಾದಿಂದ, ಅಂಕಲಿಯಿಂದ ನೆಂಟರು ಗಾಡಿ ಮಾಡಿಕೊಂಡು ಬಂದರು. ಕಾಲು ತೊಳೆದುಕೊಂಡು ಒಳಗೆ ಬಂದು ಕೈ ಮುಗಿದು ನಿಲ್ಲುತ್ತಿದ್ದರು. ಯಾರೋ ಒಬ್ಬರು ಬರಣಿಯೊಳಗೆ ಅಕ್ಷತೆ ಹಾಕಿದರು. "ನಮ್ಮನಿ ಮೀನ್ರಿ" ಎಂದು ಗಂಡ ಹೇಳುವ ಗತ್ತು ನೋಡಬೇಕಿತ್ತು. ಕಬ್ಬಿಗೆ ಒಳ್ಳೆಯ ಇಳುವರಿ ಬಂದ ವರ್ಷವೂ ಅವರು ಅಷ್ಟು ಬೀಗಿದ್ದಿಲ್ಲ.

ಅತ್ತೆಯಂತೂ ಬೇರೆಯೇ ಆಗಿಬಿಟ್ಟಿದ್ದರು. ಮೊಣಕಾಲಿನ ಮಾತೇ ಇಲ್ಲ. ಬಂದವರಿಗೆಲ್ಲ ಮೀನಿನ ಕತೆಯನ್ನು ಮೊದಲ ದಿನದಿಂದ ಹೇಳುತ್ತಿದ್ದರು. ಈ ವಯಸ್ಸಿನಲ್ಲಿ ಒಪ್ಪತ್ತು ಮಾಡಿದರೆ ಸಾಕು ಅಂತ ಡಾಕ್ಟರು ಹೇಳಿದ್ದರು, ಬಿ.ಪಿ.ಯ ಗುಳಿಗೆ ಬೇರೆ. ಆದರೆ ಪರ್ವದ ಕೊನೆಯ ದಿನಗಳು ಬರುತ್ತಿದ್ದ ಹಾಗೆ, "ಮೀನ ಹೊಟ್ಟಿ ಕಟ್ಟಿ ಕುಂತೈತಿ, ನಾ ಮನಷ್ಯಾಳಾಗಿ ಉಣ್ಣಲೇನು?" ಎಂದು ಕಾಯಿಸಿ ಆರಿಸಿದ ನೀರೊಂದನ್ನುಳಿದು ಎಲ್ಲವನ್ನೂ ಬಿಟ್ಟರು. ಯಾರ ಮಾತೂ ಕೇಳಲಿಲ್ಲ.

ನನ್ನ ನಗೆ ಆ ಹೊತ್ತಿಗೆ ನಿಂತುಹೋಗಿತ್ತು. ಏನು ಅಂತ ಹೇಳಲು ಬಾರದ ಕಿರಿಕಿರಿ. ಹೊಲಿಗೆಯವಳಿಗೆ ಅಳತೆ ಕಣ್ಣಿನಲ್ಲೇ ಇರುತ್ತದೆ. ಗಿರಾಕಿ ಬಾಗಿಲಲ್ಲಿ ನಿಂತರೆ ಸೊರಗಿದ್ದಾಳೋ ತುಂಬಿಕೊಂಡಿದ್ದಾಳೋ ಟೇಪು ಹಿಡಿಯದೆ ಹೇಳಬಲ್ಲೆ. ಮೀನು ಸೊರಗಿತ್ತು. ತಲೆ ದೊಡ್ಡದಾಗಿ, ಅದರ ಹಿಂದೆ ಹೊಟ್ಟೆ ಒಳಕ್ಕೆ ಹೋಗಿತ್ತು. ನೀಲಿ ಹೋಗಿ ಹಳೆಯ ಕಲ್ಲುಪಾಟಿಯ ಬೂದು ಬಣ್ಣ ಬಂದಿತ್ತು. ರೆಕ್ಕೆಗಳು ಬಿಚ್ಚುತ್ತಲೇ ಇರಲಿಲ್ಲ, ಮೈಗೆ ಅಂಟಿಕೊಂಡಿದ್ದವು. ಬರಣಿಯ ತಳದಲ್ಲಿ ಅಡ್ಡ ಬಿದ್ದಿರುತ್ತಿತ್ತು, ಉಸಿರಿಗೆ ಮಾತ್ರ ಮೇಲೆ ಬಂದು ಮತ್ತೆ ಬೀಳುತ್ತಿತ್ತು. ನಾನು ಇದನ್ನು ಹೇಳಿದರೆ ಆಯಿ, "ತಪಸ್ಸ ಮಾಡೋರ ಮೈ ಹಿಂಗ ಇಳಿತೈತಿ" ಅನ್ನುತ್ತಿದ್ದರು. ಅದಕ್ಕೆ ಉಳಿದವರೆಲ್ಲ ತಲೆಯಾಡಿಸುತ್ತಿದ್ದರು.

ಪರ್ವದ ಕೊನೆಯ ದಿನ ಕ್ಲಾಸಿನಲ್ಲಿ ಕೆಲಸದ ಮೇಲೆ ನನ್ನ ಮನಸ್ಸು ನಿಲ್ಲಲಿಲ್ಲ. ಒಬ್ಬಳ ಜಂಪರಿಗೆ ತೋಳು ತಿರುವುಮುರುವಾಗಿ ಹಚ್ಚಿ ಮತ್ತೆ ಬಿಚ್ಚಿದೆ. ಊಟದ ಹೊತ್ತಿನಲ್ಲಿ ಫೋನು ತೆಗೆದು ಈ ಮೀನು ಸಾಕುವವರ ವಿಡಿಯೋಗಳನ್ನು ಹುಡುಕಿದೆ. ಹಿಂದಿಯವನೊಬ್ಬ ಹೇಳುತ್ತಿದ್ದ, ಮರಾಠಿಯವಳೊಬ್ಬಳು ಹೇಳುತ್ತಿದ್ದಳು, ಇಬ್ಬರದೂ ಒಂದೇ ಮಾತು. ಈ ಮೀನು ಹುಳ ತಿನ್ನುವ ಜಾತಿ. ಸೊಳ್ಳೆಯ ಮರಿ, ನೀರಿನ ಸಣ್ಣ ಪ್ರಾಣಿಗಳು ಇದರ ಆಹಾರ. ಬೇರು ಅದಕ್ಕೆ ಊಟವಲ್ಲ. ಹಸಿವು ತಡೆಯದೆ ಬೇರನ್ನು ಕುಟುಕುತ್ತದೆ, ಅದನ್ನೇ ನೋಡಿ ಜನ ತಿನ್ನುತ್ತಿದೆ ಅಂದುಕೊಳ್ಳುತ್ತಾರೆ.

ಕೈಯಲ್ಲಿದ್ದ ತುತ್ತು ಕೆಳಗಿಟ್ಟೆ. ಡಬ್ಬಿ ಮುಚ್ಚಿ, ಕ್ಲಾಸಿನ ಹೆಣ್ಣುಮಕ್ಕಳಿಗೆ ಇವತ್ತಿಗೆ ಸಾಕು ಅಂತ ಹೇಳಿ, ಅಂಗಡಿಗೆ ಗಾಡಿ ತಿರುಗಿಸಿದೆ.

ಅಂಗಡಿಯಾತ ಇನ್ನೊಬ್ಬ ಗಿರಾಕಿಗೆ ಅದೇ ಮೀನು ಮಾರುತ್ತಿದ್ದ. "ಚಾದ ಗ್ಲಾಸಿನ್ಯಾಗ ಇಟ್ಟರೂ ಇರತೈತ್ರಿ. ಸಣ್ಣ ಜಾಗಾ ಅಂದ್ರ ಇದಕ್ಕ ಭಾಳ ಪ್ರೀತಿ. ನಿಮ್ಮ ಮನ್ಯಾಗ ಮಟನ್ ಮಾಡತೀರಿಲ್ರಿ? ಒಂದ್ ಚೂರು ಕುದಿಸಿ ಹಾಕ್ರಿ, ಕುಣದಾಡತೈತಿ." ನಾನು ಬಾಗಿಲಲ್ಲೇ ನಿಂತು ಕೇಳಿಸಿಕೊಂಡೆ. ಒಂದೇ ಸಾಲಿನ ಬರಣಿಗಳು. ನನಗೆ ಶಾಕಾಹಾರಿ, ಅವನಿಗೆ ಮಟನ್. ಆ ಗಿರಾಕಿ ಹೋಗುವವರೆಗೆ ಕಾಯುವ ತಾಳ್ಮೆ ನನಗೆ ಎಲ್ಲಿಂದ ಬಂತೋ ಗೊತ್ತಿಲ್ಲ.

"ನಮಗ ಬೇರು ತಿಂತೈತಿ ಅಂತ ಹೇಳಿದ್ರಿ. ಮೀನ ಸಾಯಾಕತ್ತೈತಿ."

ಆತ ಹೆದರಲಿಲ್ಲ, ಬೇಸರ ಮಾಡಿಕೊಳ್ಳಲಿಲ್ಲ. ನನಗೊಂದು ಸ್ಟೂಲು ಕೊಟ್ಟ. ನಾನು ಕೂಡಲಿಲ್ಲ. "ವೈನಿ, ನೀವು ಏನ ಕೇಳಿದ್ರಿ ನೆನಸಕೋರಿ. ಏನ್ ತಿಂತೈತಿ ಅಂತ ಕೇಳಿದ್ರಿ. ಹುಳಾ ತಿಂತೈತಿ ಅಂದಿದ್ರ ಒಯ್ತಿದ್ರೇನು?"

"ಇಲ್ಲ."

"ಮತ್ತ? ನಿಮ್ಮಂಥೋರು ಭಾಳ ಮಂದಿ ಬರತಾರ. ಎಲ್ಲಾರೂ ಇದನ್ನ ಕೇಳತಾರ. ಇಲ್ಲ ಅಂದ್ರ ಮುಖಾ ಸಣ್ಣದ ಮಾಡಕೊಂಡ ಹೋಗತಾರ. ಮೀನಿಗೂ ಮನಿ ಸಿಗಬೇಕಲ್ರಿ. ಮತ್ತ ಬೇರು ತಿಂತೈತಿ ಅಂತ ನಮಗೂ ಕೊಲ್ಲಾಪುರದಾಗ ಮಾಲ್ ಕೊಡೋರ ಹೇಳ್ಯಾರ. ನಾವೇನ್ ನೀರಾಗ ಇಳದ ನೋಡೀವೇನು?"

ಆಮೇಲೆ ಅಷ್ಟೇ ಉತ್ಸಾಹದಿಂದ ಹೊಸ ಸಲಹೆಗಳನ್ನು ಶುರುಮಾಡಿದ. ನೀರಿಗೆ ಒಂದು ಚಮಚೆ ಅಡಿಗೆ ಉಪ್ಪು ಹಾಕ್ರಿ. ಬಿಸಿಲಿಗೆ ಇಡ್ರಿ. ಕೊನೆಗೆ ಇನ್ನೊಂದು ಬರಣಿ ಎತ್ತಿ ಹಿಡಿದ. ಅದರಲ್ಲಿ ಕೆಂಪು ಮೀನು. "ನಿಮ್ಮದು ಒಂಟಿ ಆಗೈತ್ರಿ. ಜೋಡಿ ಸಿಕ್ಕರ ಉಣ್ಣತೈತಿ. ಇದನ್ನ ಅದರೊಳಗ ಬಿಡ್ರಿ." ಇಂಥ ಎರಡು ಗಂಡು ಮೀನು ಒಂದೇ ಕಡೆ ಬಿಟ್ಟರೆ ಒಂದು ಸಾಯುವತನಕ ಕಾದಾಡುತ್ತವೆ ಅಂತ ಆಗಷ್ಟೇ ವಿಡಿಯೋದಲ್ಲಿ ಕೇಳಿ ಬಂದಿದ್ದೆ. ಕೇಳಿರದಿದ್ದರೆ ಒಯ್ಯುತ್ತಿದ್ದೆ. ಪರ್ವದ ಕೊನೆಯ ದಿನ, ಕೈ ಮುಗಿದು ನಿಂತ ಮಂದಿಯ ನಡುವೆ, ಅತ್ತೆಯ ಕಣ್ಣೆದುರಿಗೆ ಆ ಕಾದಾಟ ನಡೆಯುತ್ತಿತ್ತು.

ಬಾಯಿಗೆ ಬಂದ ಹಾಗೆ ಬೈದೆ. ಆತ ತಲೆ ಕೆರೆದುಕೊಳ್ಳುತ್ತ ಕಪಾಟಿನಿಂದ ಒಂದು ಸಣ್ಣ ಡಬ್ಬಿ ತೆಗೆದ. ಸಾಸಿವೆಯಷ್ಟು ದಪ್ಪದ ಕೆಂಪು ಕಾಳು. ಹಿಂದೆ ಸಣ್ಣಕ್ಷರದಲ್ಲಿ ಮೀನಿನ ಹಿಟ್ಟು, ಸೀಗಡಿ ಹಿಟ್ಟು ಅಂತ ಬರೆದಿತ್ತು. ನಾನು ಓದುತ್ತಿರುವುದನ್ನು ನೋಡಿ ಆತ ದನಿ ತಗ್ಗಿಸಿದ. "ಚೀಟಿ ಕಿತ್ತ ಕೊಡಲೇನ್ರಿ? ಭಾಳ ಮನಿಗೋಳಿಗೆ ಕಿತ್ತ ಕೊಡತೀನಿ. ಕಣ್ಣಿಗೆ ಕಾಣಲಿಲ್ಲಂದ್ರ ಪಾಪ ಇಲ್ಲ." ಅವನ ಉಗುರು ಆಗಲೇ ಚೀಟಿಯ ಮೂಲೆಗೆ ಹೋಗಿತ್ತು. ಆ ಉಗುರು ಎಷ್ಟು ಪಳಗಿತ್ತು ಅಂತ ನೋಡಿದಾಗ ಸಿಟ್ಟಿನ ಜೊತೆ ನಗುವೂ ಬಂತು. ಡಬ್ಬಿ ಕಸಿದುಕೊಂಡು, ಕೊಡಬೇಕಾದ್ದು ಕೊಟ್ಟು ಹೊರಟೆ.

ಮನೆಯ ಮುಂದೆ ಗಾಡಿ ನಿಲ್ಲಿಸಿದವಳು ಕೆಳಗಿಳಿಯಲಿಲ್ಲ. ಡಬ್ಬಿ ಸೀಟಿನ ಕೆಳಗಿತ್ತು. ಒಳಗೆ ಒಯ್ಯಲು ನನಗೂ ಕೈ ಬರಲಿಲ್ಲ. ನಾನೂ ಅಂಥದೇ ಮನೆತನದವಳೇ, ಸೋಸಿದ ನೀರು ಕುಡಿದು ಬೆಳೆದವಳೇ. ಅಂಥ ವಸ್ತು ನಮ್ಮ ಹೊಸ್ತಿಲು ದಾಟಿದ್ದಿಲ್ಲ, ಅದೂ ಪರ್ವದಲ್ಲಿ. ಯಾರಿಗೂ ಕಾಣದ ಹಾಗೆ ನಾಲ್ಕು ಕಾಳು ಹಾಕಿಬಿಡೋಣ ಅಂದರೆ ಅತ್ತೆ ಬರಣಿಯ ಪಕ್ಕ ಬಿಟ್ಟು ಕದಲುತ್ತಿರಲಿಲ್ಲ. ಒಳಗಿನಿಂದ ಹೆಂಗಸರ ದನಿ ಕೇಳುತ್ತಿತ್ತು. ಹೋಗಿ ನೋಡಿದರೆ ಆಯಿ ಬರಣಿಗೆ ಬಾಯಿ ಹಚ್ಚಿ ಣಮೋಕಾರ ಹೇಳುತ್ತಿದ್ದರು, ಉಳಿದವರು ದನಿಗೂಡಿಸಿದ್ದರು. ಮೀನು ತಳದಲ್ಲಿ ಮಲಗಿತ್ತು. "ಇದು ಬರೇ ಉಪವಾಸ ಅಲ್ಲ, ಸಲ್ಲೇಖನಾ ತಗೊಂಡೈತಿ" ಎಂದು ಆಯಿ ನನ್ನತ್ತ ತಿರುಗಿ ಹೇಳಿದರು. ಅನ್ನ ನೀರು ಬಿಟ್ಟು ಶಾಂತವಾಗಿ ಪ್ರಾಣ ಬಿಡುವ ದೊಡ್ಡ ವ್ರತ ಅದು, ನಮ್ಮಲ್ಲಿ ಅದಕ್ಕಿಂತ ಮೇಲೆ ಇನ್ನೊಂದಿಲ್ಲ. "ಎಂಥ ಪುಣ್ಯವಂತ ಜೀವ ನಿಮ್ಮ ಮನಿಗೆ ಬಂತ ನೋಡು."

ನಾನು ಗಂಡನನ್ನು ಕೊಟ್ಟಿಗೆಗೆ ಎಳೆದುಕೊಂಡು ಹೋಗಿ ಎಲ್ಲ ಹೇಳಿದೆ. ಅವರ ಮುಖ ಬಿಳುಪೇರಿತು. ಆದರೂ, "ನಾಳಿ ಅವ್ವನ ಪಾರಣಿ ಆಗಲಿ. ಈಗ ಬಾಯಿ ಬಿಡಬ್ಯಾಡ. ಇಷ್ಟ ಮಂದಿ ಬಂದ ಕೈ ಮುಗದ ಹೋಗ್ಯಾರ, ಏನಂತಾರ?" ಅಂದರು.

"ಮೀನ ಏನಂತೈತಿ ಅದನ್ನೂ ಒಂದ ಸ್ವಲ್ಪ ವಿಚಾರ ಮಾಡ್ರಿ."

"ನಾಳಿ ಮುಂಜಾನಿತನಾ ತಡಕೋ."

ತಡೆದುಕೊಂಡೆ ಅನ್ನಲಾರೆ. ಅತ್ತೆಯ ಪಕ್ಕದಿಂದ ಬರಣಿ ತೆಗೆದುಕೊಂಡು, ಕೊಳೆತ ಅಕ್ಷತೆ ತೆಗೆದು, ಅರ್ಧ ನೀರು ಬದಲಿಸಿ ತಂದಿಟ್ಟೆ. ಹೆಸರುಬೇಳೆ ನೆನೆಹಾಕಿದೆ, ನೆನೆಹಾಕಿದ್ದನ್ನು ಮರೆತು ಮತ್ತೊಮ್ಮೆ ನೆನೆಹಾಕಿದೆ. ಹಾಸಿಗೆಗೆ ಹೋಗುವಾಗ ಅತ್ತೆ ಇನ್ನೊಂದು ಮಾತು ಹೇಳಿದರು. "ನಾಳಿ ಅದರ ಪಾರಣಿ ಮೊದಲ, ಆಮ್ಯಾಲ ನಂದು. ಅದು ಬಾಯಾಗ ಹನಿ ಹಾಕೊಳ್ಳದ ನಾ ಹಾಕೊಳ್ಳೂದಿಲ್ಲ." ಅವರ ತುಟಿ ಒಣಗಿ ಬಿರುಕು ಬಿಟ್ಟಿತ್ತು. ಹೇಳುವಾಗ ಗೋಡೆ ಹಿಡಿದುಕೊಂಡಿದ್ದರು.

ಪಾರಣೆ ಅಂದರೆ ಉಪವಾಸ ಬಿಡುವುದು. ನಮ್ಮಲ್ಲಿ ಉಪವಾಸ ಮಾಡಿದವರು ತಾವೇ ಎದ್ದು ಉಣ್ಣುವುದಿಲ್ಲ. ಬಂಧುಬಳಗ ಬಂದು ಒಬ್ಬೊಬ್ಬರಾಗಿ ಚಮಚೆಯಿಂದ ಬಾಯಿಗೆ ಹಾಕುತ್ತಾರೆ, ಹೆಸರುಬೇಳೆಯ ಕಟ್ಟೋ ಹಾಲೋ ಏನಾದರೂ ಹಗುರವಾದದ್ದು. ಬೆಳಿಗ್ಗೆ ಪಡಸಾಲೆ ತುಂಬಿತ್ತು. ಅತ್ತೆಯನ್ನು ಮಣೆಯ ಮೇಲೆ ಕೂಡಿಸಿದ್ದರು, ಪಕ್ಕದಲ್ಲಿ ಇನ್ನೊಂದು ಮಣೆ, ಅದರ ಮೇಲೆ ಬರಣಿ. ಬೆಳ್ಳಿಯ ಬಟ್ಟಲಲ್ಲಿ ನಾನೇ ಮಾಡಿದ ಕಟ್ಟು ಹಬೆಯಾಡುತ್ತಿತ್ತು. ಆಯಿ ಒಂದು ಚಮಚೆ ತುಂಬಿ, ಊದಿ ಆರಿಸಿ, ಬರಣಿಯ ಬಾಯಿಗೆ ತಂದರು. ನೀರಿನ ತಳದಲ್ಲಿ ಆ ಪಾಟಿ ಬಣ್ಣದ ಮೈ ಕದಲುತ್ತಿರಲಿಲ್ಲ.

ನಾನು ಆಯಿಯ ಕೈ ಹಿಡಿದೆ. ಕಟ್ಟು ಅವರ ಸೀರೆಯ ಮೇಲೆ ಚೆಲ್ಲಿತು.

"ಅದು ಉಪವಾಸ ಮಾಡಿಲ್ಲ. ಅದಕ್ಕ ಉಣ್ಣಾಕ ಕೊಟ್ಟಿಲ್ಲ ನಾವು. ಅದು ಹುಳಾ ತಿನ್ನೋ ಮೀನ. ಅಂಗಡಿಯವ ಸುಳ್ಳ ಹೇಳಿ ನಮ್ಮ ಕಿವಿ ಮ್ಯಾಲ ಹೂವ ಇಟ್ಟಾನ. ನಾವ ಇಷ್ಟ ದಿನಾ ಅದನ್ನ ಹಸಿವಿಗೆ ಕೆಡವಿ ಕೊಲ್ಲಾಕತ್ತೀವಿ, ಕೊಂದಕೋತ ಕೈ ಮುಗ್ಯಾಕತ್ತೀವಿ." ಮೆಲ್ಲಗೆ ಹೇಳಬಹುದಿತ್ತು. ಅತ್ತೆಯೊಬ್ಬರಿಗೇ ಹೇಳಬಹುದಿತ್ತು. ನನ್ನ ಬಾಯಿ ಅಂಥದ್ದಲ್ಲ.

ಗಂಡ ತಲೆ ತಗ್ಗಿಸಿದರು. ಆಯಿ ಏನೋ ಹೇಳಲು ಹೋದರು, ಅತ್ತೆ ಕೈಯೆತ್ತಿ ತಡೆದರು.

"ಅದಕ್ಕ ಹಸಿವಿತ್ತೇನು?"

"ಇತ್ತರಿ ಅತ್ತ್ಯಾರ."

"ಇಷ್ಟ ದಿನಾನೂ?"

"ಹೌದ್ರಿ."

ಅತ್ತೆ ಬರಣಿಯ ಕಡೆ ತಿರುಗಿ ನೋಡಿದರು. ಆಮೇಲೆ ಬಂದವರಿಗೆ, "ಮನಿಗೆ ಹೋಗ್ರಿ ಎಲ್ಲಾರೂ" ಅಂದರು. ಸಿಟ್ಟಿರಲಿಲ್ಲ. ಹೆಂಗಸರು ಒಬ್ಬೊಬ್ಬರಾಗಿ ಚಪ್ಪಲಿ ಹುಡುಕಿಕೊಂಡು ಹೋದರು. "ಏನ್ ತಿಂತೈತಿ ಅದು?" ಎಂದು ಅತ್ತೆ ನನ್ನನ್ನು ಕೇಳಿದರು. ಮೀನಿನ ಹಿಟ್ಟು, ಸೀಗಡಿ ಹಿಟ್ಟು, ಗಾಡಿಯಲ್ಲಿದೆ ಅಂದೆ. ಕಣ್ಣು ಮುಚ್ಚಿಕೊಂಡರು. ತುಟಿ ಏನೋ ಹೇಳುತ್ತಿತ್ತು, ಮಂತ್ರವೋ ಬೇರೇನೋ.

"ಮನಿಯೊಳಗ ಬ್ಯಾಡ" ಅಂದು ಮಣೆಯಿಂದ ಏಳಲು ಹೋದರು. ಗಂಡ ಓಡಿಬಂದರೆ ಅವರ ಕೈ ಸರಿಸಿದರು. ತಾವೇ ಬರಣಿಯನ್ನು ಎದೆಗೆ ಅವುಚಿಕೊಂಡು, ಒಂದೊಂದೇ ಹೆಜ್ಜೆ ಇಡುತ್ತ, ಹೊಸ್ತಿಲಲ್ಲಿ ಒಂದು ಗಳಿಗೆ ನಿಂತು, ದಾಟಿ, ಹೊರಗಿನ ಕಟ್ಟೆಯ ಮೇಲೆ ಕೂತರು. ಬರಣಿ ತೊಡೆಯ ಮೇಲೆ. ನೀರು ತುಳುಕಿ ಸೀರೆ ಒದ್ದೆಯಾಗಿತ್ತು. "ತಾ ಇಲ್ಲಿ" ಅಂದರು.

ಗಾಡಿಯಿಂದ ಡಬ್ಬಿ ತಂದು ತೆರೆದೆ, ಮೊದಲ ಕಾಳು ಕಟ್ಟೆಯ ಮೇಲೆ ಬಿತ್ತು. ಎರಡನೆಯದು ನೀರಿನ ಮೇಲೆ ತೇಲಿತು. ಮೀನು ಏಳಲಿಲ್ಲ. ಅತ್ತೆ ಬರಣಿಯನ್ನು ಸ್ವಲ್ಪ ಓರೆ ಮಾಡಿದರು. ಅದು ಉಸಿರಿಗೆ ಮೇಲೆ ಬಂದಾಗ ಕಾಳು ಬಾಯಿಗೆ ತಾಗಿತು. ತೆಗೆದುಕೊಂಡಿತು, ಉಗುಳಿತು. ಮತ್ತೆ ತೆಗೆದುಕೊಂಡಿತು, ಬಾಯಿ ಆಡಿಸಿತು.

"ನುಂಗಿತೇನು? ನನಗ ಕಾಣವಲ್ದು."

"ನುಂಗಿತ್ರಿ."

ಅತ್ತೆ ಉಸಿರು ಬಿಟ್ಟರು. ನೀರು ಸೋಸಿದ ಬಟ್ಟೆಯಲ್ಲಿ ಕಣ್ಣಿಗೆ ಕಾಣದ ಹುಳ ಉಳಿದೀತು ಅಂತ ಅದನ್ನು ತಿರುಗಿ ಬಾವಿಗೇ ತೊಳೆದು ಬಿಡುವ ಹೆಂಗಸು ಇವರು. "ಇನ್ನೊಂದ ಹಾಕು" ಅಂದರು.

ಅಲ್ಲಿಗೆ ಎಲ್ಲ ಮುಗಿಯಿತು ಅಂದುಕೊಂಡು ನಾನು ಒಳಗೆ ಹೋಗಿ ಕಟ್ಟು ಬಿಸಿ ಮಾಡಿ ತಂದೆ. ಅತ್ತೆ ಬಾಯಿ ತೆರೆಯಲಿಲ್ಲ. ಬಟ್ಟಲನ್ನು ಬೆರಳಿನಿಂದ ಸರಿಸಿದರು. "ಅದು ಮಾಡಿದ್ದು ಉಪವಾಸ ಅಲ್ಲಂದ್ರ, ಅದರ ಮಗ್ಗಲ ಕುಂತ ನಾ ಮಾಡಿದ್ದ ಏನು? ಬ್ಯಾಡ ಈಗ."

ಅಂಗಡಿಯವನಾದರೆ ಬೈಯಬಹುದು, ಗಂಡನಾದರೆ ಜಗಳ ತೆಗೆಯಬಹುದು. ಈ ಮಾತಿನ ಜೊತೆ ಹೇಗೆ ಜಗಳ ಆಡಬೇಕು? ಮಧ್ಯಾಹ್ನವಾಯಿತು. ಅತ್ತೆ ಕಟ್ಟೆ ಬಿಟ್ಟು ಏಳಲಿಲ್ಲ. ಗಂಡ ಡಾಕ್ಟರಿಗೆ ಫೋನು ಹಚ್ಚಿದರು, ಹೊಟ್ಟೆಯಲ್ಲಿ ಏನೂ ಇಲ್ಲದೆ ಗುಳಿಗೆ ಕೊಡಬೇಡಿ, ಮೊದಲು ಏನಾದರೂ ತಿನ್ನಿಸಿ ಅಂದರಂತೆ. ತಿನ್ನಿಸುವುದು ಹೇಗೆ ಅಂತ ಹೇಳಲಿಲ್ಲ. ಆಯಿ ಎದುರು ಮನೆಯ ಬಾಗಿಲ ಸಂದಿಯಿಂದ ನೋಡುತ್ತಿದ್ದರು, ಹೊರಗೆ ಬರುವ ಧೈರ್ಯವಾಗಲಿಲ್ಲ.

ನಾನು ಅಡುಗೆಮನೆಗೂ ಕಟ್ಟೆಗೂ ಓಡಾಡಿದೆ. ಕಟ್ಟು ಆರಿತು, ಕಾಸಿದೆ, ಮತ್ತೆ ಆರಿತು. ಮೋಡ ಕವಿದ ದಿನ, ಹೊತ್ತು ಎಲ್ಲಿದೆ ಅಂತ ಗೊತ್ತಾಗುತ್ತಿರಲಿಲ್ಲ. ಮುಳುಗಿತೆಂದರೆ ಅತ್ತೆ ಬಾಯಿಗೆ ಹನಿ ಹಾಕುವುದಿಲ್ಲ, ಇನ್ನೂ ಒಂದು ರಾತ್ರಿ. ಆ ಮೈ ಇನ್ನೊಂದು ರಾತ್ರಿ ತಡೆಯುವಂತೆ ಕಾಣುತ್ತಿರಲಿಲ್ಲ. ಬಾಗಿಲಿಗೆ ಬಂದು ಆಕಾಶ ನೋಡುವುದು, ಫೋನಿನಲ್ಲಿ ಗಂಟೆ ನೋಡುವುದು, ಅತ್ತೆಯ ಮುಖ ನೋಡುವುದು. ನನಗೆ ಹೆದರಿಕೆಯಾಗಿತ್ತು, ಹೆದರಿಕೆಯಾದಾಗ ನಾನು ಕೂಗಾಡುತ್ತೇನೆ.

"ನೀವು ಸತ್ತರ ಆ ಮೀನಿಗೆ ಏನ್ ಸಿಗತೈತ್ರಿ? ಅದಕ್ಕೇನ್ ಗೊತ್ತಾಗತೈತಿ? ನನ್ನ ಮ್ಯಾಲಿನ ಸಿಟ್ಟ ನಿಮ್ಮ ಹೊಟ್ಟಿ ಮ್ಯಾಲ ತೀರಸಬ್ಯಾಡ್ರಿ!" ಓಣಿಗೆಲ್ಲ ಕೇಳುವ ಹಾಗೆ ಕೂಗಿದೆ. ಕಣ್ಣೀರು ಬಂತು. ಕೂಗಿದ ಮೇಲೆ ಕಟ್ಟೆಯ ಇನ್ನೊಂದು ತುದಿಗೆ ಕುಕ್ಕರಿಸಿದೆ.

ಅತ್ತೆ ನನ್ನ ಕಡೆ ನೋಡಲೂ ಇಲ್ಲ. "ನಿನ್ನ ಮ್ಯಾಲ ಯಾಕ ಸಿಟ್ಟ ಬೇ?" ಅಂದರು. ಓಣಿಯಲ್ಲಿ ದನಗಳು ಮನೆಗೆ ಮರಳುತ್ತಿದ್ದವು. "ಅದಕ್ಕ ಸಂಜಿದ್ದ ಹಾಕಿದೇನು?"

"ಇಲ್ರಿ."

"ಹಾಕು. ಹೊತ್ತ ಹೋಗತೈತಿ."

ಡಬ್ಬಿ ತೆರೆದು ಒಂದು ಕಾಳು ಬಿಟ್ಟೆ. ಈ ಸಲ ಮೀನು ತಾನಾಗಿಯೇ ತಳ ಬಿಟ್ಟು ಮೇಲೆ ಬಂತು, ಓರೆಯಾಗಿ, ತಡವರಿಸುತ್ತ. ಕಾಳು ಹಿಡಿಯಿತು. ಉಗುಳಲಿಲ್ಲ. ಅತ್ತೆ ಮೂಗು ಗಾಜಿಗೆ ತಾಗುವಷ್ಟು ಬಾಗಿ ಅದನ್ನು ನೋಡಿದರು, ಈ ಸಲ ನನ್ನನ್ನು ಕೇಳಲಿಲ್ಲ. ಆಮೇಲೆ ಬರಣಿಯನ್ನು ತೊಡೆಯಿಂದ ತೆಗೆದು ಪಕ್ಕದಲ್ಲಿಟ್ಟು, ಕೈ ತೊಳೆಯಲು ನೀರು ಕೇಳಿದರು.

"ಕಟ್ಟ ತಾ ಬೇ. ಹಸಿವಾಗೈತಿ ನನಗ. ಭಾಳ ಹಸಿವಾಗೈತಿ."

ಎಷ್ಟೋ ಪರ್ವಗಳಲ್ಲಿ, ಎಷ್ಟೋ ಉಪವಾಸಗಳಲ್ಲಿ ಅವರಿಗೆ ಪಾರಣೆ ಮಾಡಿಸಿದವಳು ನಾನು. ಆ ಮಾತು ಅವರ ಬಾಯಿಂದ ಒಂದು ಸಲವೂ ಕೇಳಿರಲಿಲ್ಲ. ನಾನು ಒಳಗೆ ಓಡಿದೆ.